ಮಾಯವಾಗದ ನೀರು, ಒದ್ದೆಯಾದ ಪ್ಯಾಂಟು

ಮಗಳ ಹುಟ್ಟುಹಬ್ಬಕ್ಕೆ ನೀರು ಮಾಯ ಮಾಡುವ ಆಟ ತೋರಿಸಲು ಹೊರಟಿದ್ದೆ. ಮನೆಯಲ್ಲಿ ಮಿಕ್ಕಿದ್ದ ಹೊಸ ಡೈಪರ್ ಕತ್ತರಿಸಿ, ಹತ್ತಿಯನ್ನು ಕವರಿನೊಳಗೆ ಕೊಡವಿದೆ. ನೀರು ಹೀರಿ ಗಟ್ಟಿಯಾಗುವ, ಸಕ್ಕರೆಯಂಥ ಬಿಳಿ ಪುಡಿ ಉದುರಿತು. ಒಂದು ಚಮಚ ಪುಡಿ ಕಾಗದದ ಲೋಟಕ್ಕೆ ಹಾಕಿ, ಅರ್ಧ ಲೋಟ ನೀರು ಸುರಿದು ಬೋರಲು ಹಾಕಿದೆ. ಗಂಜಿಯಂತೆ ಜಾರಿ ಪ್ಯಾಂಟಿನ ಮೇಲೇ ಬಿತ್ತು!

ಪುಡಿ ಜಾಸ್ತಿ ಮಾಡಿದರೂ ಅಷ್ಟೇ. ತಪ್ಪಿದ್ದದ್ದು ನೀರಿನಲ್ಲಿ. ನಮ್ಮದು ಬೋರ್‌ವೆಲ್ ನೀರು. ಕ್ಯಾಲ್ಸಿಯಂ, ಉಪ್ಪಿನಂಶ ಇದ್ದರೆ ಈ ಪುಡಿ ಕಡಿಮೆ ಹೀರುತ್ತದೆ. ಆರ್‌ಓ ನೀರು ತಂದು, ಕಾಲು ಲೋಟ ಮಾತ್ರ ಸುರಿದು, ನಿಧಾನಕ್ಕೆ ಇಪ್ಪತ್ತು ಎಣಿಸಿದೆ. ಮಂತ್ರ ಹೇಳಲೂ ಸಮಯ ಬೇಕಲ್ವಾ! ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತು, ಒಂದು ಹನಿಯೂ ಬೀಳಲಿಲ್ಲ.

ಆಟ ಮುಗಿದ ಮೇಲೆ ಆ ಮುದ್ದೆಯನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಕಸದ ಬುಟ್ಟಿಗೆ ಹಾಕಿ.