ಬೂದಿ ಬಣ್ಣದ ಗಿಡ, ಮೂರನೇ ಸಲಕ್ಕೆ ಹಿಡಿಯಿತು

ಈ ಸಲ ಗಣೇಶನ ಹಬ್ಬಕ್ಕೆ ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು ಒಂದೇ ಮಾತು. "ಮುಂದೆ ಕೆಂಪಗೆ ಹಬ್ಬಿದೆಯಲ್ಲ, ಏನ್ರೀ ಅದು?" ಇದೇ ಜನ ಕೆಲವು ವರ್ಷದ ಹಿಂದೆ "ಒಣಗಿಹೋಗಿದೆ, ಕಿತ್ತು ಬಿಸಾಕಿ" ಅಂದಿದ್ದರು. ನಮ್ಮನೆಯವರಂತೂ ಕಾಂಕ್ರೀಟ್ ಹಾಕಿಸೋದಕ್ಕೆ ಒಬ್ಬರನ್ನು ಕರೆಸಿ ರೇಟೂ ಕೇಳಿಬಿಟ್ಟಿದ್ದರು. ಅದಕ್ಕೇ ಈ ಬರಹದಲ್ಲಿ ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ಗಿಡ ಕ್ಯಾಲಿಫೋರ್ನಿಯಾ ಫ್ಯೂಷಿಯಾ. ಕುಂಡದಲ್ಲಿ ತೂಗುಹಾಕುವ ಫ್ಯೂಷಿಯಾ ಅಲ್ಲ. ಇದು ನಾವಿರುವ ಕ್ಯಾಲಿಫೋರ್ನಿಯಾ ನೆಲದ್ದೇ ಕಾಡುಗಿಡ. ಹಳೇ ತೋಟಗಾರರು ಇನ್ನೂ ಝೌಷ್ನೇರಿಯಾ ಅಂತಾರೆ, ಈಗಿನ ಹೆಸರು ಎಪಿಲೋಬಿಯಂ ಕೇನಮ್. ಬೆಳ್ಳಿ ಬೂದಿ ಬಣ್ಣದ ಸಣ್ಣ ಎಲೆ, ಕೊಳವೆಯಂಥ ಕಿತ್ತಳೆಗೆಂಪು ಹೂ. ಸ್ಯಾನ್ ಹೋಸೆಯಲ್ಲಿ ಮಿಕ್ಕ ತೋಟವೆಲ್ಲ ಸುಟ್ಟು ಕೂತಿರುವ ಆಗಸ್ಟ್‌ನಲ್ಲಿ ಇದು ಹೂ ಬಿಡೋದಕ್ಕೆ ಶುರು ಮಾಡುತ್ತದೆ. ದೀಪಾವಳಿವರೆಗೂ ನಿಲ್ಲಿಸುವುದಿಲ್ಲ.

2019ರಲ್ಲಿ ಯುಗಾದಿ ಮುಗಿದ ವಾರ ಮೊದಲ ಸಲ ನೆಟ್ಟೆ. ಒಂದು ಗ್ಯಾಲನ್ ಕುಂಡದ 12 ಗಿಡ, ಒಂದಕ್ಕೆ 13 ಡಾಲರ್ ಇರಬೇಕು. ಆಗ ಅತ್ತೆ ಊರಿಂದ ಬಂದಿದ್ದರು. ಗಿಡ ನೋಡಿದವರೇ, "ಇದೇನಮ್ಮಾ, ವಿಭೂತಿ ಬಳಿದ ಹಾಗಿದೆ. ಸತ್ತ ಗಿಡಕ್ಕೆ ದುಡ್ಡು ಕೊಟ್ಟಿದೀಯಾ?" ಅಂದರು. ಆಮೇಲೆ ಪಾಪ ಅನ್ನಿಸಿತೋ ಏನೋ, ದಿನಾ ಸಂಜೆ ದೀಪ ಹಚ್ಚುವ ಮೊದಲು ಒಂದೊಂದಕ್ಕೂ ಅರ್ಧ ಬಕೆಟ್ ನೀರು ಹಾಕಿದರು. ನಾನೂ ತಡೆಯಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ನಾನೂ ಪೈಪ್ ಹಿಡಿಯುತ್ತಿದ್ದೆ ಅನ್ನೋದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಜುಲೈ ಹೊತ್ತಿಗೆ ಬುಡ ಕಪ್ಪಾಗಿ 11 ಗಿಡ ಹೋದವು. ಉಳಿದ ಒಂದು ಡ್ರೈವ್‌ವೇ ಅಂಚಿನ ಜಲ್ಲಿಯಲ್ಲಿತ್ತು, ಇಬ್ಬರ ನೀರೂ ಅಲ್ಲಿಗೆ ತಲುಪುತ್ತಿರಲಿಲ್ಲ. ಅಷ್ಟು ದೊಡ್ಡ ಸುಳಿವು ಕಣ್ಣಮುಂದೆ ಇದ್ದರೂ ನನಗೆ ಹೊಳೆಯಲಿಲ್ಲ ನೋಡಿ.

2020ರಲ್ಲಿ ಎಲ್ಲರೂ ಮನೆಯಲ್ಲೇ ಕೂತಿದ್ದ ಕಾಲ. ಕೈಯಲ್ಲಿ ಟೈಮ್ ಜಾಸ್ತಿ, ಬುದ್ಧಿ ಕಮ್ಮಿ. ಮಣ್ಣೇ ಸರಿಯಿಲ್ಲ ಅಂತ ತೀರ್ಮಾನ ಮಾಡಿದೆ. ದೊಡ್ಡ ದೊಡ್ಡ ಗುಂಡಿ ತೋಡಿ, ಜೇಡಿ ತೆಗೆದು, ಚೀಲಗಟ್ಟಲೆ ಕಾಂಪೋಸ್ಟ್ ತುಂಬಿ 8 ಗಿಡ ನೆಟ್ಟೆ. ಗಿಡ, ಕಾಂಪೋಸ್ಟ್, ಜಿಪ್ಸಮ್ ಎಲ್ಲ ಸೇರಿ 200 ಡಾಲರ್ ಮೇಲೇ ಆಯಿತು. ಗಿಡ ಸೊಂಪಾಗಿ ಎದ್ದವು. ಆದರೆ ಎಲೆ ಹಸಿರು, ಕೊಂಬೆ ಉದ್ದುದ್ದ, ಮಗ್ಗುಲಾಗಿ ಮಲಗಿದವು. ಹೂ ಎಣಿಸಿದರೆ ಇಪ್ಪತ್ತು. ಚಳಿಗಾಲದ ಮಳೆಗೆ ಅವೂ ಹೋದವು.

ಫೋನಿನಲ್ಲಿ ಅಪ್ಪನ ಹತ್ತಿರ ಗೋಳು ಹೇಳಿಕೊಂಡೆ. ಹಿರಿಯೂರಿನ ಕಡೆ ನಮ್ಮದು ಎರೆ ಹೊಲ. ಅಪ್ಪ ಕೇಳಿದ್ದು ಒಂದೇ. "ಬೇಸಿಗೇಲಿ ಬಿರುಕು ಬಿಡುತ್ತಾ, ಮಳೇಲಿ ಕಾಲಿಗೆ ಮೆತ್ತಿಕೊಳ್ಳುತ್ತಾ?" ಹೌದು ಅಂದೆ. "ಹಾಗಾದರೆ ಅದು ಎರೇನೇ. ಎರೇಲಿ ಗುಂಡಿ ತೆಗೆದು ಸಡಿಲ ಮಣ್ಣು ತುಂಬಿದರೆ ಅದು ಬಾವಿ ಆಗುತ್ತೆ ಕಣಮ್ಮ. ಮೇಲಕ್ಕೆ ಏರಿಸು." ಅಷ್ಟು ದುಡ್ಡು ಸುರಿದ ಮೇಲೆ ಅಪ್ಪನ ಬಾಯಿಂದ ಪುಕ್ಕಟೆ ಸಿಕ್ಕ ಮಾತು ಇದು.

2021ರಲ್ಲಿ ಮುಂದಿನ ಹುಲ್ಲುಹಾಸು ಪೂರ್ತಿ ತೆಗೆದೆ, ಸುಮಾರು 400 ಚದರಡಿ. ಇಲ್ಲೊಂದು ಸಂಕಟದ ಕಥೆ ಇದೆ. ಹುಲ್ಲು ತೆಗೆದು ಕಮ್ಮಿ ನೀರಿನ ಗಿಡ ಹಾಕಿದರೆ ನಮ್ಮ ಕಡೆ ನೀರಿನ ಇಲಾಖೆಯವರು ಚದರಡಿಗೆ 2 ಡಾಲರ್ ವಾಪಸ್ ಕೊಡುತ್ತಿದ್ದರು. ಆದರೆ ಹುಲ್ಲು ಕೀಳುವ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ತಗೋಬೇಕು. ನಾನು ಕಿತ್ತ ಮೇಲೆ ಓದಿದೆ. 800 ಡಾಲರ್! ನಮ್ಮನೆಯವರು ಇವತ್ತಿಗೂ ಯಾವ ಖರ್ಚಿನ ಮಾತು ಬಂದರೂ ಇದನ್ನು ಎತ್ತುತ್ತಾರೆ. ನೀವಾದರೂ ಮೊದಲು ಫಾರ್ಮ್ ತುಂಬಿ, ಆಮೇಲೆ ಸಲಿಕೆ ಹಿಡಿಯಿರಿ.

ಕಿತ್ತ ಹುಲ್ಲಿನ ಹೆಂಟೆಗಳನ್ನು ತಲೆಕೆಳಗು ಮಾಡಿ ಪೇರಿಸಿದೆ, ಮೇಲೆ ರಟ್ಟು ಹಾಸಿದೆ, ಅದರ ಮೇಲೆ ಅದೇ ಜೇಡಿಯನ್ನು ಎಳೆದು ಎಂಟೊಂಬತ್ತು ಇಂಚು ಎತ್ತರದ ಉದ್ದನೆಯ ದಿಬ್ಬ ಮಾಡಿದೆ. ಕಾಂಪೋಸ್ಟ್ ಒಂದು ಹಿಡಿಯೂ ಇಲ್ಲ. ಒಂದು ತಪ್ಪು ಮಾತ್ರ ಮಾಡಿದೆ. ಲಾನ್‌ನಲ್ಲಿ ಬರ್ಮುಡಾ ಹುಲ್ಲು ಸೇರಿಕೊಂಡಿತ್ತು. ಬರ್ಮುಡಾ ಅಂದರೆ ನಮ್ಮ ಗರಿಕೆಯೇ ಅಲ್ವಾ? ರಟ್ಟಿಗೆಲ್ಲ ಅದು ಜಗ್ಗುತ್ತದಾ! ಗಿಡದ ಬೇರಿನ ಜೊತೆ ಹೆಣೆದುಕೊಂಡು ಎರಡು ವರ್ಷ ಕಾಡಿತು. ಗಣೇಶನಿಗೆ 21 ಗರಿಕೆ ಏರಿಸಿ ಮಿಕ್ಕ 21 ಸಾವಿರ ನಾನು ಕೂತು ಕಿತ್ತೆ. ಗರಿಕೆ ಇರುವವರು ಹೆಂಟೆ ಮಗುಚುವ ಕೆಲಸಕ್ಕೆ ಹೋಗಬೇಡಿ. ಬೇರುಸಮೇತ ಸೋಸಿ ತೆಗೆಯಿರಿ.

ಇನ್ನು ಅಸಲು ವಿಷಯ, ನೆಡುವ ಕಾಲ. ಯುಗಾದಿಗೆ ಭೂಮಿ ಕೆಲಸ ಶುರು ಅನ್ನೋದು ನಮ್ಮ ರಕ್ತದಲ್ಲೇ ಇದೆ. ಯಾಕಂದರೆ ಊರಲ್ಲಿ ಮಳೆ ಅದರ ಹಿಂದೆ ಬರುತ್ತದೆ. ಇಲ್ಲಿ ಯುಗಾದಿ ಹೊತ್ತಿಗೆ ಮಳೆ ಮುಗಿಯುತ್ತದೆ. ಮುಂದೆ ಆರು ತಿಂಗಳು ಒಂದು ಹನಿ ಇಲ್ಲ. ಆಗ ನೆಟ್ಟರೆ ಬೇರು ಇಳಿದಿರುವುದಿಲ್ಲ, ನೀರು ಹಾಕಲೇಬೇಕು. ಬಿಸಿ ಜೇಡಿಗೆ ದಿನಾ ನೀರು ಬಿದ್ದರೆ ಈ ಗಿಡ ಕೊಳೆಯುತ್ತದೆ. ಆ ವರ್ಷ ಅಕ್ಟೋಬರ್ ಕೊನೆಗೆ ಒಂದು ಜೋರು ಮಳೆ ಬಂತು, ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ಮಣ್ಣು ಒಂದು ವಾರ ಆರಲಿ ಅಂತ ಬಿಟ್ಟು, ದೀಪಾವಳಿ ಮುಗಿದ ಶನಿವಾರ ನೆಟ್ಟೆ. ನಾಲ್ಕಿಂಚು ಕುಂಡದ 15 ಸಸಿ, ಎಲ್ಲ ಸೇರಿ 90 ಡಾಲರ್ ಆಸುಪಾಸು. ದೊಡ್ಡ ಕುಂಡಕ್ಕಿಂತ ಈ ಚಿಕ್ಕವೇ ಬೇಗ ಹಿಡಿದವು. ನೇಟಿವ್ ಪ್ಲಾಂಟ್ ಸೊಸೈಟಿಯವರು ಅಕ್ಟೋಬರ್‌ನಲ್ಲಿ ಗಿಡ ಮಾರುತ್ತಾರೆ, ಏಪ್ರಿಲ್ ಸೇಲ್‌ಗಿಂತ ಅದಕ್ಕೆ ಹೋಗಿ.

ತಳಿ ಎರಡೇ ಸಾಕು. ಎಲೆ ಬೆಳ್ಳಿಯಂತೆ ಬೇಕು, ನೆಲಕ್ಕೆ ಅಂಟಿಕೊಂಡಿರಬೇಕು ಅಂದರೆ ಸೆಲೆಕ್ಟ್ ಮಟೋಲ್. ಬೇಗ ಹಬ್ಬಬೇಕು, ಹೂ ಜಾಸ್ತಿ ಬೇಕು ಅಂದರೆ ಎವರೆಟ್ಸ್ ಚಾಯ್ಸ್. ನನ್ನಲ್ಲಿ ಮೊದಲನೆಯದು 6, ಎರಡನೆಯದು 9. ಎರಡಡಿ ಅಂತರ ಕೊಟ್ಟಿದ್ದೆ. ಮೂರಡಿ ಕೊಡಬೇಕಿತ್ತು.

2022ರ ಬೇಸಿಗೆಗೆ ಎರಡು ವಾರಕ್ಕೊಂದು ಸಲ, ಬುಡಕ್ಕಲ್ಲ, ಒಂದಡಿ ಆಚೆಗೆ ನೀರು. ಡ್ರಿಪ್ ತಲೆಗಳನ್ನೆಲ್ಲ ಮುಚ್ಚಿಬಿಟ್ಟೆ. ಬುಡದ ಸುತ್ತ ಮರದ ಚಕ್ಕೆ ಬದಲು ಸಣ್ಣ ಜಲ್ಲಿ. ಸೆಪ್ಟೆಂಬರ್ 6ಕ್ಕೆ ಸ್ಯಾನ್ ಹೋಸೆಯಲ್ಲಿ 109 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು ಬಂತಲ್ಲ, ಅವತ್ತು ಪಕ್ಕದ ಮನೆಯ ಹೈಡ್ರೇಂಜಿಯಾ ಕಾಫಿ ಬಣ್ಣಕ್ಕೆ ತಿರುಗಿತು. ನನ್ನ ದಿಬ್ಬ ಕೆಂಪಗೆ ಉರಿಯುತ್ತಿತ್ತು. ಗರಾಜ್ ಬಾಗಿಲಲ್ಲಿ ನಿಂತು ನಮ್ಮನೆಯವರು ಎರಡು ನಿಮಿಷ ಸುಮ್ನೆ ನೋಡಿದರು. ಆಮೇಲೆ ಕಾಂಕ್ರೀಟ್ ಮಾತು ಎತ್ತಿಲ್ಲ. 2023ರ ಜನವರಿಯಲ್ಲಿ ವಾರಗಟ್ಟಲೆ ಮಳೆ ಸುರಿದಾಗ ಒಂದೇ ಗಿಡ ಹೋಯಿತು. ಅದು ದಿಬ್ಬದ ಕೆಳಗಿದ್ದದ್ದು.

ಕತ್ತರಿಸುವ ವಿಷಯದಲ್ಲಿ ಧೈರ್ಯ ಬೇಕು. ಡಿಸೆಂಬರ್ ಕೊನೆಗೆ ಗಿಡ ಕಡ್ಡಿ ಕಡ್ಡಿಯಾಗಿ ಅಸಹ್ಯ ಕಾಣುತ್ತದೆ. ಆಗ ನೆಲದಿಂದ ಎರಡಿಂಚು ಬಿಟ್ಟು ಎಲ್ಲ ಬೋಳಿಸಿಬಿಡಿ. ಒಂದು ವರ್ಷ ಕರುಣೆಯಿಂದ ಅರ್ಧಕ್ಕೆ ಕತ್ತರಿಸಿದೆ, ನಡುವೆ ಬೊಕ್ಕತಲೆ ಬಿದ್ದಿತು. ಜೂನ್ ಮೊದಲ ವಾರ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಅದರಿಂದ ಹೂ ಎರಡರಷ್ಟಾಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಹೇಳಿಬಿಟ್ಟರೆ ನಮ್ಮ ಮನೆಗೆ ಯಾರು ಬರುತ್ತೀರಿ?

ನಡುವೆ ಮಾಡಿದ ತರಲೆ ಪ್ರಯೋಗಗಳೂ ಇವೆ. ಕರಿಬೇವನ್ನು ಇದರ ಪಕ್ಕದಲ್ಲೇ ನೆಟ್ಟೆ. ಒಂದಕ್ಕೆ ಬೇಸಿಗೆ ನೀರು ಬೇಕೇ ಬೇಕು, ಇನ್ನೊಂದಕ್ಕೆ ಬೇಡವೇ ಬೇಡ. ಕರಿಬೇವು ಉಳಿಯಿತು, ಅದರ ಬುಡದ ಎರಡು ಫ್ಯೂಷಿಯಾ ಕೊಳೆತವು. ಪಕ್ಕದವರ ಮರದ ನೆರಳಲ್ಲಿ ಒಂದು ಮಟೋಲ್ ಹಾಕಿದೆ. ಬೆಳ್ಳಿ ಮಾಸಿ ಹಸಿರಾಯಿತು, ಹೂ ಐದೋ ಆರೋ. ಬೀಜವನ್ನೂ ಹಾಕಿ ನೋಡಿದೆ. ಎಕ್ಕದ ಬೀಜದ ಹಾಗೆ ಬಿಳೀ ನವಿರು ಇರುತ್ತದೆ, ಊದಿದರೆ ಹಾರುತ್ತದೆ. ಅರ್ಧ ಮೊಳೆತವು, ಆದರೆ ಒಂದೂ ತಾಯಿಯ ಹಾಗಿಲ್ಲ. ಎಲ್ಲ ಮಂಡಿಯುದ್ದ, ಎಲೆ ಮಂಕು. ಸಾಲಿಡಾರಿಟಿ ಪಿಂಕ್ ಅಂತ ಗುಲಾಬಿ ಬಣ್ಣದ್ದೊಂದು ಕುಂಡದಲ್ಲಿದೆ. ಚೆಂದ ಇದೆ, ಆದರೆ ಕೆಂಪಿನ ಮುಂದೆ ಸಪ್ಪೆ.

ಹಮ್ಮಿಂಗ್‌ಬರ್ಡ್ ಬಗ್ಗೆ ಬರೆಯದಿದ್ದರೆ ಮಗಳು ಬೈಯುತ್ತಾಳೆ. ಅನ್ನಾಸ್ ಹಮ್ಮಿಂಗ್‌ಬರ್ಡ್ ಇಲ್ಲಿ ವರ್ಷವಿಡೀ ಇರುತ್ತದೆ. ನಮ್ಮೂರ ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಹಿಡಿದು ಕೂತು ಮಕರಂದ ಕುಡಿದರೆ, ಇದು ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಒಂದು ಗಂಡು ನಮ್ಮ ದಿಬ್ಬವನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಿದೆ. ಬೇರೆ ಹಕ್ಕಿ ಇಳಿದರೆ ಚಿಟ್ ಚಿಟ್ ಅಂತ ಬೈದು ಅಟ್ಟುತ್ತದೆ. ನನ್ನನ್ನೂ ಬಿಡುವುದಿಲ್ಲ.

ಈಗ 300 ಚದರಡಿ ಮುಚ್ಚಿದೆ. ಹುಲ್ಲಿದ್ದ ಕಾಲಕ್ಕೆ ಹೋಲಿಸಿದರೆ ಬೇಸಿಗೆಯ ನೀರಿನ ಬಿಲ್ಲು ತಿಂಗಳಿಗೆ 40 ಡಾಲರ್ ಹತ್ತಿರ ಕಮ್ಮಿ. ಬೇರು ಇಟ್ಟಿಗೆ ದಾರಿಯ ಸಂದಿಯಲ್ಲೂ ತಲೆ ಎತ್ತುತ್ತಿದೆ, ಎಳೆದು ಕುಂಡಕ್ಕೆ ಹಾಕುತ್ತೇನೆ. ಅತ್ತೆ ವಿಡಿಯೋ ಕಾಲ್‌ನಲ್ಲಿ ಹೂ ನೋಡಿ, "ನಾನು ಹಾಕಿದ ನೀರು ಈಗ ಕೈಹಿಡೀತು ನೋಡು" ಅಂದರು. ನಾನು ಹೂಂ ಅಂದೆ.

ಮೇ ತಿಂಗಳಲ್ಲಿ ಕುಡಿ ಕತ್ತರಿಸಿ ಬೇರು ಬರಿಸುತ್ತೇನೆ, ನಲವತ್ತಕ್ಕೆ ಮೂವತ್ತಂತೂ ಬರುತ್ತವೆ. ಮಿಶ್ರಣ ಏನು ಅಂತ ಕೇಳಬೇಡಿ, ಸಸಿ ಬೇಕಾದರೆ ಕೇಳಿ. ದೀಪಾವಳಿ ಆದ ಮೇಲೆ ಕೊಡುತ್ತೇನೆ, ಅದಕ್ಕೆ ಮೊದಲು ಕೊಡುವುದಿಲ್ಲ. ಖಾಲಿ ಕುಂಡ ನೀವೇ ತನ್ನಿ.