ಪಟ್ಟಿ ಅಗಲವಾಯಿತು, ವಿಸ್ತೀರ್ಣ ಅಷ್ಟೇ ಉಳಿಯಿತು: ಆದೇಶ ವಿಧಾನ ನನಗೆ ದಕ್ಕಿದ ಬಗೆ

ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಆದೇಶ ವಿಧಾನದಿಂದ, ಅಂದರೆ ಅನುಕಲನದಲ್ಲಿ ಕೊಟ್ಟ ಚರದ ಬದಲು ಸುಲಭದ ಇನ್ನೊಂದು ಚರ ಇಟ್ಟು, ಕಂಡುಹಿಡಿಯುವಾಗ ನಾನು ಒಂದಲ್ಲ, ಎರಡು ಚಿತ್ರ ಬರೆದುಕೊಳ್ಳುತ್ತೇನೆ. ಎಡಕ್ಕೆ ಕೊಟ್ಟ ವಕ್ರರೇಖೆ, ಬಲಕ್ಕೆ ಚರ ಬದಲಾಯಿಸಿದ ಮೇಲೆ ಸಿಗುವ ವಕ್ರರೇಖೆ. ಚಿತ್ರವಿಲ್ಲದೆಯೂ ಉತ್ತರ ಬರುತ್ತದೆ, ಸುಳ್ಳಲ್ಲ. ಆದರೆ ಬಂದ ಉತ್ತರ ವಿಸ್ತೀರ್ಣವೋ ಅಲ್ಲವೋ ಎಂದು ಹೇಳುವುದು ಚಿತ್ರವೇ.

ಒಂದು ಲೆಕ್ಕ ಹಿಡಿದೇ ಹೇಳುತ್ತೇನೆ. ವೈ = ಎಕ್ಸ್√(ಎಕ್ಸ್² + 1). ಎಕ್ಸ್ 0 ಯಿಂದ √3 ರವರೆಗಿನ ವಿಸ್ತೀರ್ಣ ಬೇಕು. ಇಂಥ ಲೆಕ್ಕದಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು, ಒಳಗಿರುವ ಫಂಕ್ಷನ್ನಿನ ಅವಕಲನ ಹೊರಗೆಲ್ಲಾದರೂ ಗುಣಾಕಾರದಲ್ಲಿದೆಯೇ ಎಂದು. ಎಕ್ಸ್² + 1 ರ ಅವಕಲನ 2ಎಕ್ಸ್. ಹೊರಗೆ ಎಕ್ಸ್ ಇದೆ, 2 ಇಲ್ಲ. ಸ್ಥಿರಾಂಕದ ಕೊರತೆ ಕೊರತೆಯೇ ಅಲ್ಲ, ½ ಹಾಕಿ ಸರಿದೂಗಿಸಬಹುದು. ಹಾಗಾಗಿ ಯು = ಎಕ್ಸ್² + 1, ಡಿಯು = 2ಎಕ್ಸ್ ಡಿಎಕ್ಸ್.

ಮಿತಿಗಳನ್ನು ನಾನು ಆಗಲೇ, ಅದೇ ಸಾಲಿನಲ್ಲಿ ಬದಲಾಯಿಸಿಬಿಡುತ್ತೇನೆ. ಎಕ್ಸ್ = 0 ಆದರೆ ಯು = 1, ಎಕ್ಸ್ = √3 ಆದರೆ ಯು = 4. ಕೊನೆಯಲ್ಲಿ ಮತ್ತೆ ಎಕ್ಸ್‌ಗೆ ಮರಳಿ ಹಳೆಯ ಮಿತಿಗಳನ್ನು ತುಂಬುವವರೂ ಇದ್ದಾರೆ. ಅದೂ ಸರಿಯೇ, ಬರವಣಿಗೆ ಹೆಚ್ಚು ಅಷ್ಟೇ. ಈಗ ಉಳಿದದ್ದು ½√ಯು ಎಂಬುದನ್ನು 1 ರಿಂದ 4 ರವರೆಗೆ ಅನುಕಲಿಸುವುದು. ½ × ⅔ × (8 − 1), ಅಂದರೆ 7/3.

ಉತ್ತರಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಎಡಗಡೆಯ ಚಿತ್ರದಲ್ಲಿ ರೇಖೆ ಮೇಲಕ್ಕೆ ಬಾಗುತ್ತಾ 3.46 ರಷ್ಟು ಎತ್ತರಕ್ಕೆ ಏರುತ್ತದೆ. ಬಲಗಡೆಯದು ½ ರಿಂದ ಹೊರಟು 1 ಕ್ಕೆ ಮುಟ್ಟುವಷ್ಟರಲ್ಲಿ ನಿಧಾನವಾಗುತ್ತದೆ, ಆದರೆ 3 ಮಾನದಷ್ಟು ಅಗಲಕ್ಕೆ ಚಾಚಿಕೊಂಡಿದೆ. ಎರಡೂ ಒಂದಕ್ಕೊಂದು ಹೋಲುವುದೇ ಇಲ್ಲ. ಆದರೂ ವಿಸ್ತೀರ್ಣ ಒಂದೇ ಏಕೆ?

ಎಡಗಡೆ ಎಕ್ಸ್ = 1 ರ ಹತ್ತಿರ 0.01 ಅಗಲದ ಒಂದು ತೆಳು ಪಟ್ಟಿ ತೆಗೆದುಕೊಳ್ಳಿ. ಎತ್ತರ √2, ಸುಮಾರು 1.414. ವಿಸ್ತೀರ್ಣ 0.01414. ಇದೇ ಪಟ್ಟಿ ಬಲಗಡೆಗೆ ಹೋದಾಗ ಯು = 2 ರ ಬಳಿ ಕೂರುತ್ತದೆ. ಅಗಲ 2ಎಕ್ಸ್ ಪಟ್ಟು ಹಿಗ್ಗಿ 0.02 ಆಗುತ್ತದೆ, ಎತ್ತರ ಅಷ್ಟೇ ಪಟ್ಟು ಕುಗ್ಗಿ 0.707 ಆಗುತ್ತದೆ. ಗುಣಿಸಿದರೆ ಅದೇ 0.01414. ರೊಟ್ಟಿಯ ಹಿಟ್ಟನ್ನು ಅಗಲಿಸಿದಷ್ಟೂ ತೆಳುವಾಗುವಂತೆ. ಎಕ್ಸ್ ½ ಕ್ಕಿಂತ ಕಡಿಮೆ ಇರುವಲ್ಲಿ ಮಾತ್ರ ಇದು ತಿರುಗುಮುರುಗು: ಅಲ್ಲಿ ಪಟ್ಟಿ ಕಿರಿದಾಗಿ ಎತ್ತರವಾಗುತ್ತದೆ. ಡಿಯು = 2ಎಕ್ಸ್ ಡಿಎಕ್ಸ್ ಎಂಬ ಸಾಲು ಹೇಳುವುದು ಇಷ್ಟನ್ನೇ. ಲೈಬ್ನಿಟ್ಸ್ 1675 ರಲ್ಲಿ ∫ ಚಿಹ್ನೆಯನ್ನು ಬಳಸಿದಾಗ ಅದು 'ಮೊತ್ತ' ಎಂಬರ್ಥದ ಲ್ಯಾಟಿನ್ ಪದದ ಉದ್ದನೆಯ ಎಸ್ ಆಗಿತ್ತು. ಪಟ್ಟಿಗಳ ಮೊತ್ತ ಎಂದು ಓದಿಕೊಂಡರೆ ಡಿಎಕ್ಸ್ ಅನ್ನು ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಉತ್ತರ ತಾಳೆ ನೋಡಲು ಒಂದು ಸುಲಭದ ದಾರಿ: ಎಡಗಡೆಯ ರೇಖೆಯ ಎರಡು ತುದಿಗಳನ್ನು ನೇರಗೆರೆಯಿಂದ ಸೇರಿಸಿದರೆ ಸಿಗುವ ತ್ರಿಕೋನದ ವಿಸ್ತೀರ್ಣ ಸರಿಯಾಗಿ 3. ನಮ್ಮ ರೇಖೆ ಆ ಗೆರೆಯ ಕೆಳಗೇ ಇದೆ. 7/3 ಒಪ್ಪುವ ಮಾತು.

ಅದೇ ಫಂಕ್ಷನ್ನನ್ನು −1 ರಿಂದ 1 ರವರೆಗೆ ನೋಡಿ. ಯು ಎರಡೂ ತುದಿಯಲ್ಲಿ 2. ಮಿತಿಗಳು ಒಂದೇ ಆದ್ದರಿಂದ ಅನುಕಲ 0. ಇದು ನಿಜ ಕೂಡ, ಏಕೆಂದರೆ ಎಡಭಾಗ ಅಕ್ಷದ ಕೆಳಗಿದೆ, ಬಲಭಾಗ ಮೇಲಿದೆ, ಒಂದನ್ನೊಂದು ಅಳಿಸುತ್ತವೆ. ಆದರೆ ಕೇಳಿದ್ದು ವಿಸ್ತೀರ್ಣವಾದರೆ ಸೊನ್ನೆ ಎಂದು ಬರೆಯಲಾಗದು. 0 ಯಿಂದ 1 ರವರೆಗಿನದನ್ನು ಇಮ್ಮಡಿ ಮಾಡಬೇಕು: ⅔(2√2 − 1), ಸುಮಾರು 1.219.

ಇನ್ನೊಂದು ಸೊನ್ನೆ ಇದಕ್ಕಿಂತ ಕಿಲಾಡಿ. ವೈ = ಎಕ್ಸ್² ಅನ್ನು −1 ರಿಂದ 1 ರವರೆಗೆ, ಬೇಕೆಂದೇ ಯು = ಎಕ್ಸ್² ಹಾಕಿ ನೋಡಿ. ಮಿತಿಗಳು 1 ರಿಂದ 1; ಮತ್ತೆ ಸೊನ್ನೆ! ಈ ಸಲ ಅನುಕಲವೇ ತಪ್ಪು, ನಿಜವಾದ ಬೆಲೆ 2/3. ಡಿಎಕ್ಸ್ ಅನ್ನು ಡಿಯು/(2√ಯು) ಎಂದು ಬರೆಯುವಾಗ ಎಕ್ಸ್ = √ಯು ಎಂದು ಒಪ್ಪಿಕೊಂಡಂತಾಯಿತು; ಎಕ್ಸ್ ಋಣವಾಗಿರುವ ಅರ್ಧಭಾಗಕ್ಕೆ ಅದು ಸಲ್ಲದು, ಅಲ್ಲಿ −√ಯು ಬೇಕು. ಹಿಂದಿನ ಲೆಕ್ಕದಲ್ಲಿ ಎಕ್ಸ್ ಡಿಎಕ್ಸ್ ಇಡಿಯಾಗಿ ಡಿಯು ಆಗಿ ಹೋಗಿದ್ದರಿಂದ ವರ್ಗಮೂಲ ತೆಗೆಯುವ ಪ್ರಸಂಗವೇ ಬರಲಿಲ್ಲ. ಹಾಗಾಗಿ ಎಕ್ಸ್ ಅನ್ನು ಯು ಮೂಲಕ ಬರೆಯಬೇಕಾಗಿ ಬಂದರೆ, ಯು ಎಲ್ಲಿ ತಿರುಗುತ್ತದೋ ಅಲ್ಲಿ ವ್ಯಾಪ್ತಿಯನ್ನು ಎರಡು ತುಂಡು ಮಾಡಿಕೊಳ್ಳುತ್ತೇನೆ.

ದೀರ್ಘವೃತ್ತಕ್ಕೆ ಈ ವಿಧಾನ ಎಷ್ಟು ಹಗುರ ಎಂದರೆ ಅನುಕಲನ ಮಾಡಿದಂತೆಯೇ ಅನಿಸುವುದಿಲ್ಲ. ಅದರ ಅರ್ಧ ಅಗಲ ಎ, ಅರ್ಧ ಎತ್ತರ ಬಿ ಎನ್ನೋಣ. ಎಕ್ಸ್ = ಎ·ಯು ಹಾಕಿದರೆ ಅಗಲ ಎ ಪಟ್ಟು; ಎತ್ತರ ಹೇಗೂ ಬಿ ಪಟ್ಟು ಇದೆ; ಒಳಗೆ ಉಳಿಯುವುದು 1 ತ್ರಿಜ್ಯದ ವೃತ್ತ. ವಿಸ್ತೀರ್ಣ π·ಎ·ಬಿ.

ಎಲ್ಲಕ್ಕೂ ಇದು ನಡೆಯುವುದಿಲ್ಲ. ಎಕ್ಸ್ ಅನ್ನು ಇ^(−ಎಕ್ಸ್²) ಇಂದ ಗುಣಿಸಿ ಕೊಟ್ಟರೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ಆ ಎಕ್ಸ್ ಅನ್ನು ತೆಗೆದುಬಿಟ್ಟರೆ ಯಾವ ಆದೇಶವೂ ಕೈಹಿಡಿಯದು, ಪ್ರಾಥಮಿಕ ಫಂಕ್ಷನ್‌ಗಳಲ್ಲಿ ಅದಕ್ಕೆ ಪ್ರತ್ಯವಕಲನವೇ (ಅವಕಲಿಸಿದರೆ ಅದೇ ಸಿಗುವ ಫಂಕ್ಷನ್) ಇಲ್ಲ. ಅಲ್ಲಿ ನಾನು ಹೆಚ್ಚು ತಿಣುಕದೆ ಸಿಂಪ್ಸನ್ ನಿಯಮಕ್ಕೆ, ಅಂದರೆ ರೇಖೆಯ ಬದಲು ಪರವಲಯದ ತುಂಡು ಇಟ್ಟು ವಿಸ್ತೀರ್ಣ ಅಂದಾಜು ಮಾಡುವ ಸೂತ್ರಕ್ಕೆ, ಹೋಗುತ್ತೇನೆ. 0 ಯಿಂದ 1 ರವರೆಗೆ ಬರೀ ಎರಡು ಪಟ್ಟಿ ಹಾಕಿದರೂ 0.7472 ಸಿಗುತ್ತದೆ, ನಿಜವಾದ ಬೆಲೆ 0.7468.