ಜಳಕದ ಹೊಳೆ ಅಂತ ನೋಟಿಸು ಬರೆದೆ

ನಮ್ಮೂರು ಬಾದಾಮಿ ತಾಲೂಕಿನಲ್ಲಿ, ಮಲಪ್ರಭೆ ದಂಡೆ ಮೇಲೆ. ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗಿ ಎದ್ದು, ಅಲ್ಲೇ ಸಜ್ಜೆ ರೊಟ್ಟಿಯ ಗಂಟು ಬಿಚ್ಚಿಕೊಂಡು ಕೂರುವವರು ನಾವು. ನಾನು ಈಜು ಕಲಿತದ್ದೂ ಅಲ್ಲೇ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು. 2021ರ ಸಂಕ್ರಾಂತಿಗೆ ಅವ್ವ ಮೆಟ್ಟಿಲವರೆಗೆ ಬಂದಳು, ಚೊಂಬಿನಲ್ಲಿ ನೀರು ತುಂಬಿ ಮೂಸಿ ನೋಡಿ ಹಾಗೇ ಚೆಲ್ಲಿದಳು. "ಮನ್ಯಾಗ ಜಳಕಾ ಮಾಡೂಣು, ನಡಿ." ಮೇಲಿನ ಊರಿನ ಗಟಾರವೆಲ್ಲ ಒಂದು ಹಳ್ಳಕ್ಕೆ ಸೇರಿ, ಆ ಹಳ್ಳ ನಮ್ಮ ಮೆಟ್ಟಿಲಿನಿಂದ ಕೂಗಳತೆ ದೂರದಲ್ಲಿ ಹೊಳೆಗೆ ಬೀಳುತ್ತಿತ್ತು.

ನಾನು ವಕೀಲ. ಆದ್ರೂ ಮೊದಲು ಮಾಡಿದ್ದು ದಡ್ಡತನವೇ. ಪವಿತ್ರ ನದಿ, ಚಾಲುಕ್ಯರ ನದಿ ಅಂತೆಲ್ಲ ಎರಡು ಪುಟ ಮನವಿ ಬರೆದು ಕೊಟ್ಟೆ. ಸೀಲು ಹೊಡೆದು ಇಟ್ಟುಕೊಂಡರು, ಅಷ್ಟೇ. ಪವಿತ್ರ ಅನ್ನೋದಕ್ಕೆ ಯಾವ ಕಲಂ ಹಚ್ಚುತ್ತಾರೆ ಹೇಳಿ? ಅಮೆರಿಕದಲ್ಲಿ 1968ರಿಂದ ಚೆಲುವಿಗೆ, ವಿಹಾರಕ್ಕೆ, ಚರಿತ್ರೆಗೆ ಹೆಸರಾದ ಹೊಳೆಗಳನ್ನು ಪಟ್ಟಿ ಮಾಡಿ ಕಾಯುವ ಕಾನೂನೇ ಇದೆ. ಇಲ್ಲಿ ಉತ್ತರಾಖಂಡ ಹೈಕೋರ್ಟು 2017ರಲ್ಲಿ ಗಂಗೆ, ಯಮುನೆಯರಿಗೆ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಿತು, ನಾಲ್ಕೇ ತಿಂಗಳಿಗೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಜಳಕ. ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಜನ ಸ್ನಾನ ಮಾಡುವ ನೀರಿಗೆ ಅಳತೆ ಇದೆ. ಬಿಓಡಿ, ಅಂದ್ರೆ ನೀರಿನಲ್ಲಿರೋ ಕೊಳೆ ಕೊಳೆಯಿಸೋಕೆ ಸೂಕ್ಷ್ಮಜೀವಿಗಳು ಬಳಸೋ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಆಗಬಾರದು, ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ ಹೆಚ್ಚೆಂದರೆ 2,500. ಅಲ್ಲಿಂದಾಚೆ ಬರೆದ ಕಾಗದಗಳಲ್ಲೆಲ್ಲ ದೇವರನ್ನು ಬಿಟ್ಟೆ, ಮೆಟ್ಟಿಲು ಹಿಡಿದೆ.

ನೀರು ತರುವಾಗ ಒಂದು ಪೆಟ್ಟು ತಿಂದೆ. ಲ್ಯಾಬಿನವರು ಕುದಿಸಿ ಮುಚ್ಚಿ ಕೊಟ್ಟ ಬಾಟಲಿಯನ್ನು, ಚೊಂಬು ಗಲಬರಿಸೋ ಹಾಗೆ ಹೊಳೆ ನೀರಿನಲ್ಲೇ ಎರಡು ಸಲ ಗಲಬರಿಸಿ ತುಂಬಿಸಿದ್ದೆ. ಲ್ಯಾಬಿನ ಹುಡುಗ ಅದನ್ನು ಕೇಳಿದ್ದೇ ತಡ, "ತೊಳದ್ರಿ? ಹಂಗಾದ್ರ ಇದು ಬರೂದಿಲ್ರಿ ಸರ್" ಅಂತ ವಾಪಸ್ ಕೊಟ್ಟ. ತೊಳೆಯಬಾರದು, ಹರಿವು ಬರುವ ಕಡೆ ಬಾಯಿ ಮಾಡಿ ಒಂದು ಗೇಣು ಕೆಳಗೆ ಅದ್ದಬೇಕು, ಕಂಠದ ಹತ್ತಿರ ಸ್ವಲ್ಪ ಖಾಲಿ ಬಿಡಬೇಕು, ಐಸಿನಲ್ಲಿಟ್ಟು ಅವತ್ತೇ ಮುಟ್ಟಿಸಬೇಕು. ಕರಗಿದ ಆಮ್ಲಜನಕ ಅಳೆಯೋ ನೀರಿನ ಬಾಟಲಿಗೆ ಮಾತ್ರ ಉಲ್ಟಾ, ಒಂದು ಗುಳ್ಳೆಯೂ ಇರಬಾರದು. ಎರಡನೇ ಸಲ ಗೆಳೆಯನ ಕೂಲ್‌ಡ್ರಿಂಕ್ಸ್ ಅಂಗಡಿಯ ಐಸ್ ಡಬ್ಬಿಯಲ್ಲಿ ಒಯ್ದೆ. ಕೋಲಿಫಾರ್ಮ್ ಮಿತಿಗಿಂತ ಎಷ್ಟೋ ಮೇಲಿತ್ತು.

ಆದರೆ ನಾವೇ ಮಾಡಿಸಿದ ರಿಪೋರ್ಟು ಇಟ್ಟುಕೊಂಡು ಶಿಕ್ಷೆ ಕೊಡಿಸೋಕೆ ಆಗಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಗಟಾರ ನೀರಿನ ಮಾದರಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ನೋಟಿಸು ಕೊಟ್ಟು, ಎರಡು ಪಾಲು ಮಾಡಿ ಸೀಲು ಹಾಕಬೇಕು. ಅವರನ್ನು ಅಲ್ಲಿವರೆಗೆ ಕರೆಸೋಕೆ ಮಾತ್ರ ನಮ್ಮ ರಿಪೋರ್ಟು. ಜೊತೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ಈ ಹಳ್ಳದ ಮೂಲಕ ಹೊಳೆಗೆ ಗಟಾರ ಬಿಡಲು ಮಂಡಳಿಯ ಸಮ್ಮತಿ ಪಡೆದಿದ್ದಾರಾ? 30 ದಿನದಲ್ಲಿ ಬರಬೇಕಾದ ಉತ್ತರ ಮೇಲ್ಮನವಿ ಹಾಕಿದ ಮೇಲೆ ಬಂತು. ಕಡತದಲ್ಲಿ ಅಂಥ ಸಮ್ಮತಿ ಇಲ್ಲ ಅಂತ ಒಂದೇ ಸಾಲು. ನನಗೆ ಬೇಕಾಗಿದ್ದೂ ಆ ಸಾಲೇ.

ಮೇಲಿನ ಊರಿನ ಒಬ್ಬರು ನಗುತ್ತಾ, "ಬ್ಯಾಸಿಗ್ಯಾಗ ಹೊಳಿನ ಇರೂದಿಲ್ಲ, ಕೇಸ್ ಯಾತರದ್ದು ವಕೀಲರ?" ಅಂದರು. ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಬೇಸಿಗೆಯಲ್ಲಿ ಹರಿವು ಕಮ್ಮಿ, ಅದು ನಿಜ. ಅದಕ್ಕೇ ಅಲ್ವಾ ಗಟಾರದ ಪಾಲು ಜಾಸ್ತಿ ಆಗೋದು! ಅದೂ ಅಲ್ಲದೆ ಕಾಯ್ದೆಯ 2ನೇ ಕಲಂನಲ್ಲೇ, ಸದ್ಯಕ್ಕೆ ಒಣಗಿದ್ದರೂ ಹೊಳೆ ಹೊಳೆಯೇ ಅಂತಿದೆ. ಅದನ್ನು ಝೆರಾಕ್ಸ್ ಮಾಡಿ, ಗೆರೆ ಎಳೆದು ಕೊಟ್ಟೆ. ಆಮೇಲೆ 49ನೇ ಕಲಂ ಪ್ರಕಾರ 60 ದಿನದ ನೋಟಿಸು ಕಳಿಸಿದೆ. ಅಷ್ಟು ದಿನ ಕಾದ ಮೇಲೆ ಸಾಮಾನ್ಯ ಮನುಷ್ಯನೂ ನೇರವಾಗಿ ಕೋರ್ಟಿಗೆ ದೂರು ಕೊಡಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಐವತ್ತು ದಿನ ಆಗಿತ್ತೋ ಏನೋ, ಜೆಸಿಬಿ ಬಂತು. ಹಳ್ಳಕ್ಕೆ ಒಡ್ಡು ಹಾಕಿ, ಕಾಲುವೆ ತೋಡಿ, ನಮ್ಮ ಮೆಟ್ಟಿಲು ದಾಟಿಸಿ ಕೆಳಗೆ ಬಿಟ್ಟರು. ಶುದ್ಧ ಮಾಡಲಿಲ್ಲ, ಸುಮ್ನೆ ಜಾಗ ಬದಲಿಸಿದರು. ಮರು ಸಂಕ್ರಾಂತಿಗೆ ಅವ್ವ ಮುಳುಗಿ ಎದ್ದಳು. ವಾರ ಕಳೆದ ಮೇಲೆ ಕೆಳಗಿನ ಊರಿನ ಹುಡುಗರು ಮನೆಗೆ ಬಂದರು, ಕೈಯಲ್ಲಿ ಬಿಸ್ಲೇರಿ ಬಾಟಲಿ ತುಂಬ ಕಪ್ಪು ನೀರು. ಬಾಟಲಿ ತೊಳೆದಿದ್ದರಾ ಅಂತ ಕೇಳಿದೆ. ಈಗ ಅವರ ಪರವಾಗಿ ಹೊಸ ನೋಟಿಸು ಬರೆಯುತ್ತಿದ್ದೇನೆ. ನಮ್ಮೂರಿನ ಗಟಾರವೂ ಅದೇ ಕಾಲುವೆಗೆ ಸೇರುತ್ತೆ, ಹಾಗಾಗಿ ಎದುರುದಾರರ ಪಟ್ಟಿಯಲ್ಲಿ ನಮ್ಮ ಪಂಚಾಯ್ತಿಯೂ ಇದೆ.